ಮೂರು ದಿನದ ಸ್ನೋಮೊಬೈಲ್ ಟೂರ್: ಗಾಡಿಗಿಂತ ಗೈಡ್ ಮುಖ್ಯ

ಬಲಗೈ ಹೆಬ್ಬೆರಳು ಇನ್ನೂ ಸ್ವಲ್ಪ ನೋಯುತ್ತಿದೆ. ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಗಾಡಿ, ಓಡಿಸಿದವರಿಗೆ ಯಾಕೆ ಅಂತ ಗೊತ್ತಿರುತ್ತದೆ. ವೇಗ ಹೆಚ್ಚಿಸುವ ಥ್ರಾಟಲ್ ಇರುವುದು ಹೆಬ್ಬೆರಳ ಕೆಳಗೆ, ದಿನವಿಡೀ ಅದನ್ನು ಒತ್ತಿಕೊಂಡೇ ಇರಬೇಕು. ನಾನು ಮತ್ತು ನನ್ನ ತಂಗಿ ಗೈಡ್ ಜೊತೆ ಹೋಗುವ ಮೂರು ದಿನದ ಟೂರ್ ತಗೊಂಡಿದ್ದೆವು. ಇಬ್ಬರಿಗೂ ಸೇರಿ ಒಂದೇ ಗಾಡಿ. ಗೈಡ್ ಗಾಡಿಯೂ ಸೇರಿದರೆ ಒಟ್ಟು ಐದು. ದಿನಕ್ಕೆ ಸುಮಾರು 100 ಕಿ.ಮೀ. ವಾಪಸ್ ಬಂದು ವಾರ ಆಯಿತು, ನಾವಿಬ್ಬರೂ ಫೋನ್ ಮಾಡಿದಾಗಲೆಲ್ಲ ಅದೇ ಮಾತು. ಹೋಗಬೇಕು ಅಂತ ಯೋಚಿಸುತ್ತಿರುವವರಿಗೆ ಉಪಯೋಗ ಆಗಲಿ ಅಂತ, ಚೆನ್ನಾಗಿದ್ದದ್ದು ಮತ್ತು ಚೆನ್ನಾಗಿಲ್ಲದ್ದು ಎರಡನ್ನೂ ಬರೆಯುತ್ತಿದ್ದೇನೆ.

ಮೊದಲು ಒಂದು ಹಳೇ ಅನುಭವ ಹೇಳಬೇಕು. ಎರಡು ವರ್ಷದ ಹಿಂದೆ ಬೇರೆ ಕಡೆ ಒಂದು ಗಂಟೆಗೆ ಸ್ನೋಮೊಬೈಲ್ ಬಾಡಿಗೆಗೆ ತಗೊಂಡಿದ್ದೆ. ಅವರು ಐದು ನಿಮಿಷದಲ್ಲಿ ಕೀ ಕೊಟ್ಟು ಕಳಿಸಿದರು. ಇದು ಥ್ರಾಟಲ್, ಇದು ಬ್ರೇಕ್, ಹೋಗಿ ಬನ್ನಿ, ಅಷ್ಟೇ. ಆ ಒಂದು ಗಂಟೆಯಲ್ಲಿ ನನಗೆ ನೆನಪಿರುವುದು ಭಯ ಮಾತ್ರ. ಈ ಸಲದವರು ಹೊರಡುವ ಮುಂಚೆಯೇ ಹತ್ತಿರ ಹತ್ತಿರ ಒಂದು ಗಂಟೆ ಹೇಳಿಕೊಟ್ಟರು. ಮೂರೂ ದಿನ ನಾವು ನೆಮ್ಮದಿಯಾಗಿ ಸುತ್ತಿದ್ದು ಆ ಒಂದು ಗಂಟೆಯಿಂದ ಅಂತ ನನಗೆ ಖಂಡಿತ ಅನಿಸುತ್ತದೆ.

ಏನು ಹೇಳಿಕೊಟ್ಟರು ಅಂದರೆ, ಇದಕ್ಕೆ ಗೇರ್ ಇಲ್ಲ, ಗೇರ್ ಇಲ್ಲದ ಸ್ಕೂಟರ್ ಥರ ಬೆಲ್ಟ್ ಮೇಲೆ ಓಡುತ್ತದೆ, ಓಡಿಸುವುದು ಸುಲಭ. ಕಷ್ಟ ಇರುವುದು ತಿರುಗಿಸುವುದರಲ್ಲಿ. ಮುಂದೆ ಚಕ್ರ ಇಲ್ಲ, ಹಿಮದ ಮೇಲೆ ಜಾರುವ ಉದ್ದ ಪಟ್ಟಿಯಂಥ ಎರಡು ಸ್ಕೀ ಇವೆ, ಅವು ಹಿಮವನ್ನು ಕಚ್ಚಿದರೆ ಮಾತ್ರ ಗಾಡಿ ತಿರುಗುತ್ತದೆ. ಹಾಗಾಗಿ ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಹಿಡಿಯಬಾರದು, ಮುಂಚೆಯೇ ವೇಗ ಇಳಿಸಿ, ಮೈಯನ್ನು ಒಳಗಿನ ಬದಿಗೆ ಬಾಗಿಸಿ, ಸ್ವಲ್ಪ ಸ್ವಲ್ಪವೇ ಥ್ರಾಟಲ್ ಕೊಡುತ್ತಾ ಹೊರಗೆ ಬರಬೇಕು. ಗಾಡಿಯಿಂದ ಜಾಕೆಟ್‌ಗೆ ಸಿಕ್ಕಿಸುವ ಒಂದು ಸುರುಳಿ ದಾರ ಇರುತ್ತದೆ. ಬಿದ್ದರೆ ದಾರ ಕಿತ್ತು ಬಂದು ಎಂಜಿನ್ ತಾನಾಗಿಯೇ ನಿಲ್ಲುತ್ತದೆ. ಗೈಡ್ ಒಬ್ಬೊಬ್ಬರ ಹತ್ತಿರವೂ ಬಂದು ಅದನ್ನು ಎಳೆದು ನೋಡಿದರು. ಮೂರು ದಿನವೂ ಬೆಳಿಗ್ಗೆ ಎಳೆದು ನೋಡಿದರು, ಒಂದು ದಿನವೂ ಬಿಡಲಿಲ್ಲ.

ಆಮೇಲೆ ಕೈ ಸನ್ನೆ. ಇದು ನನಗೆ ತುಂಬಾ ಇಷ್ಟವಾದ ವಿಷಯ. ಕಾಡಿನ ದಾರಿಯಲ್ಲಿ ಎದುರಿಗೆ ಬೇರೆ ಗುಂಪು ಬಂದರೆ ನಿಮ್ಮ ಹಿಂದೆ ಇನ್ನೂ ಎಷ್ಟು ಗಾಡಿ ಇವೆ ಅಂತ ಎಡಗೈ ಬೆರಳಲ್ಲಿ ತೋರಿಸಬೇಕು. ನಾಲ್ಕಿದ್ದರೆ ನಾಲ್ಕು ಬೆರಳು, ಮೂರಿದ್ದರೆ ಮೂರು. ಕೊನೆಯವರು ಮುಷ್ಟಿ ತೋರಿಸುತ್ತಾರೆ. ಮುಷ್ಟಿ ಅಂದರೆ ನನ್ನ ಹಿಂದೆ ಯಾರೂ ಇಲ್ಲ, ನೀವು ಆರಾಮಾಗಿ ಹೋಗಿ. ಹೆಲ್ಮೆಟ್ ಒಳಗಿನ ಮುಖ ಕಾಣುವುದಿಲ್ಲ, ಮಾತು ಕೇಳುವುದಿಲ್ಲ, ಆದರೂ ಪರಿಚಯವೇ ಇಲ್ಲದ ಒಬ್ಬರು ತಿರುವಿನ ಆಚೆ ಏನಿದೆ ಅಂತ ಹೇಳಿ ಹೋಗುತ್ತಾರೆ. ಎಷ್ಟು ಒಳ್ಳೆ ಪದ್ಧತಿ ಅಲ್ವಾ? ನಾನು ಮತ್ತು ತಂಗಿ ನಮ್ಮದೇ ಒಂದು ಸನ್ನೆ ಮಾಡಿಕೊಂಡೆವು. ಅವಳು ಭುಜಕ್ಕೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು.

ಗಾಡಿ ಬಗ್ಗೆ. ನಮಗೆ ಕೊಟ್ಟಿದ್ದು ಮೂರು ಸಿಲಿಂಡರಿನ ಫೋರ್ ಸ್ಟ್ರೋಕ್ ಟೂರಿಂಗ್ ಗಾಡಿ. ಇಬ್ಬರು ಹೋಗುವುದಾದರೆ ಇದನ್ನೇ ಕೇಳಿ. ಟೂ ಸ್ಟ್ರೋಕ್ ಹಗುರ, ಚುರುಕು, ಆಳದ ಹಿಮದಲ್ಲಿ ಆಟ ಆಡುವವರಿಗೆ ಅದೇ ಬೇಕು. ಆದರೆ ದಿನವಿಡೀ ದಾರಿ ಹಿಡಿದು ಹೋಗುವಾಗ ಫೋರ್ ಸ್ಟ್ರೋಕಿನ ಕಡಿಮೆ ಸದ್ದು ದೊಡ್ಡ ಉಪಕಾರ, ಎಣ್ಣೆ ಹೊಗೆ ವಾಸನೆಯೂ ಇಲ್ಲ. ಹ್ಯಾಂಡಲ್ ಬಿಸಿಯಾಗುತ್ತದೆ, ಹೆಬ್ಬೆರಳು ಇಡುವ ಥ್ರಾಟಲ್ ಕೂಡ ಬಿಸಿಯಾಗುತ್ತದೆ. ಇದು ಸುಮ್ನೆ ಶೋಕಿಗೆ ಇಟ್ಟಿದ್ದಲ್ಲ. ಮೈನಸ್ 15 ಡಿಗ್ರಿ ಚಳಿಯಲ್ಲಿ 60 ಕಿ.ಮೀ. ವೇಗದಲ್ಲಿ ಹೋದರೆ ಮೈಗೆ ಹೊಡೆಯುವ ಗಾಳಿ ಮೈನಸ್ 30ರ ಹತ್ತಿರದ ಚಳಿ ಥರ ಇರುತ್ತದೆ.

ಅದಕ್ಕೇ ಎರಡನೇ ದಿನ ನನಗೆ ನಿಜವಾಗಲೂ ಸಿಟ್ಟು ಬಂತು. ಹಿಂದೆ ಕೂತವರು ಹಿಡಿಯುವ ಹಿಡಿಗಳಲ್ಲಿ ಬಲಗಡೆಯದು ಬಿಸಿಯಾಗುತ್ತಲೇ ಇರಲಿಲ್ಲ. ತಂಗಿ ತಡೆದುಕೊಂಡು ತಡೆದುಕೊಂಡು ಕೊನೆಗೆ ಎರಡು ಸಲ ತಟ್ಟಿದಳು. ಗ್ಲೌಸ್ ತೆಗೆದರೆ ಬೆರಳ ತುದಿ ಬೆಳ್ಳಗೆ ಬಿಳಚಿಕೊಂಡಿತ್ತು. ಗೈಡ್ ತಕ್ಷಣ ಹಿಂದಿರುಗಿ ಬಂದು, ಅವಳ ಕೈಯನ್ನು ಅವಳದೇ ಕಂಕುಳಲ್ಲಿ ಇಟ್ಟುಕೊಳ್ಳಲು ಹೇಳಿ, ಉಜ್ಜಬೇಡಿ ಅಂದರು. ಬಣ್ಣ ಮರಳಿ ಬರುವವರೆಗೂ ಯಾರನ್ನೂ ಹೊರಡಲು ಬಿಡಲಿಲ್ಲ. ಮಧ್ಯಾಹ್ನ ಗಾಡಿ ಬದಲಾಯಿಸಿ ಕೊಟ್ಟರು. ಅದೆಲ್ಲ ಸರಿ, ಆದರೆ ದಾರ ಎಳೆದು ನೋಡುವವರು ಹಿಂದಿನ ಹಿಡಿಯನ್ನೂ ಒಂದು ಸಲ ಮುಟ್ಟಿ ನೋಡಬೇಕಿತ್ತು. ನೀವು ಹೋದಾಗ ಎಂಜಿನ್ ಬಿಸಿಯಾಗಲು ಬಿಟ್ಟಿರುತ್ತಾರಲ್ಲ, ಆಗಲೇ ನಾಲ್ಕೂ ಹಿಡಿ ಮುಟ್ಟಿ ನೋಡಿಕೊಳ್ಳಿ. ಹೆಲ್ಮೆಟ್ ಕೂಡ ಹಾಗೇ. ನನಗೆ ಕೊಟ್ಟಿದ್ದಕ್ಕೆ ಒಂದೇ ಪದರದ ಗಾಜು, ಉಸಿರಿಗೆ ಮಂಜು ಕಟ್ಟಿ ಅರ್ಧ ದಿನ ಸರಿಯಾಗಿ ದಾರಿ ಕಾಣಲಿಲ್ಲ. ಎರಡು ಪದರದ ವೈಸರ್ ಇರುವುದು ಅವರ ಹತ್ತಿರವೇ ಇತ್ತು, ಕೇಳಿದ ಮೇಲೆ ಕೊಟ್ಟರು. ಕೇಳದೆಯೇ ಕೊಡಬೇಕಿತ್ತು.

ಅದೇ ದಿನ ಮಧ್ಯಾಹ್ನ ನಮ್ಮ ಗಾಡಿ ಹೂತಿತು. ದಾರಿ ಬಿಟ್ಟು ಒಂದು ಬಯಲಿಗೆ ಇಳಿಯಲು ಗೈಡ್ ಒಪ್ಪಿದ್ದರು, ಮೇಲಿಂದ ಹಿಮ ಕುಸಿದು ಬರುವಂಥ ಕಡಿದಾದ ಇಳಿಜಾರು ಯಾವುದೂ ಇಲ್ಲ ಅಂತ ನೋಡಿಕೊಂಡೇ ಒಪ್ಪಿದ್ದು. ಹೊಸ ಹಿಮದಲ್ಲಿ ವೇಗ ಇಳಿಸಿದ್ದೇ ತಪ್ಪಾಯಿತು, ಗಾಡಿ ಹಿಂಬದಿಯಿಂದ ಕುಸಿಯಿತು. ಆಗ ಥ್ರಾಟಲ್ ಜೋರಾಗಿ ಒತ್ತಬೇಕು ಅಂತಲೇ ಅನಿಸುತ್ತದೆ. ಒತ್ತಿದರೆ ಕೆಳಗಿನ ಟ್ರ್ಯಾಕ್, ಅಂದರೆ ಗಾಡಿಯನ್ನು ಮುಂದಕ್ಕೆ ತಳ್ಳುವ ಸುತ್ತುವ ಪಟ್ಟಿ, ತನಗೆ ತಾನೇ ಗುಂಡಿ ತೋಡಿಕೊಳ್ಳುತ್ತದೆ, ಅಷ್ಟೇ. ಗೈಡ್ ದೂರದಿಂದಲೇ ಕೈ ಎತ್ತಿ ಬೇಡ ಅಂದರು. ಬಂದು ಸಲಿಕೆ ಕೊಟ್ಟರು. ಟ್ರ್ಯಾಕ್ ಪಕ್ಕದ ಹಿಮ ತೆಗೆದು, ಸ್ಕೀ ಮುಂದೆ ನಾವಿಬ್ಬರೂ ಕಾಲಲ್ಲಿ ತುಳಿದು ತುಳಿದು ಒಂದು ದಾರಿ ಮಾಡಿದೆವು. ತುಳಿದು ಮುಗಿದ ಮೇಲೆ ಸುಮ್ಮನೆ ನಿಲ್ಲಿ ಅಂದರು. ಕೆಲವು ನಿಮಿಷ ಸುಮ್ಮನೆ ನಿಂತೆವು. ಯಾಕೆ ಅಂದರೆ, ತುಳಿದ ಹಿಮದ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಲು ಸ್ವಲ್ಪ ಹೊತ್ತು ಬೇಕಂತೆ. ಆಮೇಲೆ ಮುಟ್ಟಿ ನೋಡಿ ಅಂದರು. ಈಗಷ್ಟೇ ಹಿಟ್ಟಿನ ಥರ ಇದ್ದದ್ದು ಕೈಗೆ ಗಟ್ಟಿ ಗಟ್ಟಿಯಾಗಿ ಸಿಕ್ಕಿತು. ನಿಧಾನಕ್ಕೆ ಥ್ರಾಟಲ್ ಕೊಟ್ಟೆ, ಗಾಡಿ ಸದ್ದಿಲ್ಲದೆ ಎದ್ದು ಬಂತು. ದಾರಿಯನ್ನು ಯಂತ್ರದಿಂದ ರಾತ್ರಿ ಹೊತ್ತು ಸಮ ಮಾಡುವುದೂ ಅದಕ್ಕೇ, ಬೆಳಗಾಗುವಷ್ಟರಲ್ಲಿ ಬಿಗಿದುಕೊಂಡಿರುತ್ತದೆ. ಹಾಗಾಗಿ ಬೆಳಿಗ್ಗೆ ಬೇಗ ಹೊರಡುವ ಟೂರ್ ತಗೊಳ್ಳಿ. ಬಾಚಣಿಗೆ ಎಳೆದ ಹಾಗೆ ಗೆರೆ ಗೆರೆಯಾಗಿರುವ ದಾರಿ ಮೇಲೆ ಮೊದಲು ಹೋಗುವ ಸುಖವೇ ಬೇರೆ. ಮಧ್ಯಾಹ್ನದ ಹೊತ್ತಿಗೆ ಅದೇ ದಾರಿ ಉಬ್ಬು ತಗ್ಗಾಗಿ ಸೊಂಟ ಅಲ್ಲಾಡಿಸುತ್ತದೆ.

ನೆನಪಲ್ಲಿ ಎಲ್ಲಕ್ಕಿಂತ ಮೇಲೆ ಇರುವುದು ಮಾತ್ರ ಓಡಿಸಿದ್ದಲ್ಲ, ನಿಂತಿದ್ದು. ಒಂದು ಬೆಟ್ಟದ ನೆತ್ತಿಯಲ್ಲಿ ಗೈಡ್ ಕೈ ಎತ್ತಿ ನಿಲ್ಲಿಸಿದರು. ಎಂಜಿನ್ ಆಫ್ ಮಾಡಿ, ಹೆಲ್ಮೆಟ್ ತೆಗೆಯಿರಿ, ಮಾತು ಬೇಡ ಅಂದರು. ಮೊದಲು ಕೇಳಿಸಿದ್ದು ಐದೂ ಎಂಜಿನ್ ಆರುವ ಟಿಕ್ ಟಿಕ್ ಸದ್ದು. ಸೈಲೆನ್ಸರ್ ಮೇಲೆ ಒಂದು ಹನಿ ಬಿದ್ದು ಚುಸ್ ಅಂತು. ಅದೂ ನಿಂತಿತು. ಪಕ್ಕದ ಮರದ ಕೊಂಬೆಯಿಂದ ಹಿಮ ಜಾರಿ ಬಿತ್ತು, ಬಿದ್ದಿದ್ದು ಕಂಡಿತು, ಸದ್ದು ಕೇಳಲಿಲ್ಲ. ಹೊಸ ಹಿಮದ ತುಂಬ ಗಾಳಿಯ ಸಂದುಗಳೇ ಇರುವುದರಿಂದ ಅದು ಸದ್ದನ್ನು ಹೀರಿಕೊಳ್ಳುತ್ತದೆ. ಗೊತ್ತಿದ್ದ ವಿಷಯವೇ, ಆದರೆ ಅಲ್ಲಿ ನಿಂತಾಗ ಮೈ ಜುಮ್ಮೆಂದಿತು. ತಂಗಿ ಮೆಲ್ಲಗೆ, "ಅಣ್ಣ, ನನ್ನ ಉಸಿರೇ ಜೋರಾಗಿ ಕೇಳ್ತಿದೆ" ಅಂದಳು. ನಾನು ಏನೂ ಹೇಳಲಿಲ್ಲ. ಎಷ್ಟು ಹೊತ್ತು ಹಾಗೇ ನಿಂತಿದ್ದೆವೋ ಗೊತ್ತಿಲ್ಲ. ಆ ಗೈಡ್‌ಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಸಂಜೆ ಅವರ ಶೆಡ್‌ನ ಮೂಲೆಯಲ್ಲಿ 1960ರ ದಶಕದ ಒಂದು ಹಳದಿ ಗಾಡಿ ನೋಡಿದೆವು. ಸೀಟು ಸೀಳಿತ್ತು, ಸ್ಟಾರ್ಟ್ ಮಾಡಲು ಹಗ್ಗ ಎಳೆಯಬೇಕು. ಗೈಡ್ ಅದರ ಪಕ್ಕ ಕೂತು ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಕಥೆ ಹೇಳಿದರು. ಕೆನಡಾದ ಕ್ವಿಬೆಕ್‌ನ ವಾಲ್ಕೂರ್ ಎಂಬ ಊರಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದವರು. ಹಿಮದ ಮೇಲೆ ಓಡುವ ಗಾಡಿ ಮಾಡಬೇಕು ಅಂತ ವರ್ಷಗಟ್ಟಲೆ ಒದ್ದಾಡುತ್ತಿದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯೊಳಗೆ ಸೋಂಕಾಯಿತು. ರಸ್ತೆ ಹಿಮದಲ್ಲಿ ಮುಚ್ಚಿತ್ತು, ಆಸ್ಪತ್ರೆಗೆ ಕರೆದೊಯ್ಯಲು ಆಗಲಿಲ್ಲ, ಮಗು ಉಳಿಯಲಿಲ್ಲ. 1937ರಲ್ಲಿ ಅವರು ಏಳು ಜನ ಕೂರುವ ಬಿ7 ಗಾಡಿ ತಂದರು. ಒಬ್ಬಿಬ್ಬರು ಕೂರುವ ಸ್ಕಿ-ಡೂ ಬಂದಿದ್ದು 1959ರಲ್ಲಿ. 1968ರಲ್ಲಿ ಅಮೆರಿಕದ ರಾಲ್ಫ್ ಪ್ಲೇಸ್ಟೆಡ್ ಅವರ ತಂಡ ಸ್ನೋಮೊಬೈಲ್‌ನಲ್ಲೇ ಉತ್ತರ ಧ್ರುವ ಮುಟ್ಟಿತು. ನನಗೆ ಆ ಧ್ರುವದ ಕಥೆ ರೋಮಾಂಚನ ಕೊಟ್ಟಿತು. ತಂಗಿ ಮಾತ್ರ ಇನ್ನೂ ಮೊದಲಿನದರಲ್ಲೇ ಇದ್ದಳು. ಅವಳು ಮಕ್ಕಳ ವಾರ್ಡಿನಲ್ಲಿ ನರ್ಸ್. ಎದ್ದು ಹೋಗಿ ಆ ಹಳೇ ಗಾಡಿಯ ಹ್ಯಾಂಡಲ್ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ನಿಂತಳು.

ಮೂರನೇ ದಿನ ಅವಳು ಓಡಿಸಿದಳು, ನಾನು ಹಿಂದೆ ಕೂತೆ. ಆಗಲೇ ಗೊತ್ತಾಗಿದ್ದು, ಹಿಂದಿನ ಸೀಟು ಎಷ್ಟು ಕಷ್ಟ ಅಂತ. ಉಬ್ಬು ಬರುವುದು ಕಾಣುವುದಿಲ್ಲ, ಏಟು ಮಾತ್ರ ಮುಂದಿನ ಸೀಟಿನಷ್ಟೇ ಜೋರು. ಎರಡು ದಿನ ಅವಳು ಒಂದು ಮಾತೂ ಆಡಿರಲಿಲ್ಲ. ಇಬ್ಬರು ಹೋಗುವುದಾದರೆ ಪ್ರತಿ ಗಂಟೆಗೆ ಜಾಗ ಬದಲಾಯಿಸಿಕೊಳ್ಳಿ, ಇಲ್ಲವಾದರೆ ಬೇರೆ ಬೇರೆ ಗಾಡಿ ತಗೊಳ್ಳಿ. ಓಡಿಸಲು ಯಾವ ಲೈಸೆನ್ಸ್ ಬೇಕು ಅನ್ನುವುದು ಒಂದೊಂದು ಕಡೆ ಒಂದೊಂದು ಥರ, ಬುಕ್ ಮಾಡುವಾಗಲೇ ಕೇಳಿ.

ವಾಪಸ್ ಬರುವಾಗ ಗೈಡ್ ನಮ್ಮನ್ನು ಸಾಲಿನ ಕೊನೆಯಲ್ಲಿ ಇರಿ ಅಂದರು. ಒಂದು ತಿರುವಿನಲ್ಲಿ ಎದುರಿಗೆ ಒಂದು ಗುಂಪು ಬಂತು. ಮುಂದಿನವರೆಲ್ಲ ಬೆರಳು ತೋರಿಸುತ್ತಾ ಹೋದರು, ನಾಲ್ಕು, ಮೂರು, ಎರಡು, ಒಂದು. ತಂಗಿ ಎಡಗೈ ಎತ್ತಿ ಮುಷ್ಟಿ ಹಿಡಿದಳು. ಎದುರು ಬಂದವರು ಹೆಲ್ಮೆಟ್ ಆಡಿಸಿ ಹೋದರು. ಮುಂದಿನ ಚಳಿಗಾಲಕ್ಕೆ ಇದೇ ಗೈಡ್ ಹತ್ತಿರ ಎರಡು ಗಾಡಿ ಹೇಳಿಟ್ಟಿದ್ದೇವೆ.