ಆಪ್ಷನ್ನೋ ಫ್ಯೂಚರ್ಸೋ? ಎರಡನ್ನೂ ಮಾಡಿ ನೋಡಿದ ಲೆಕ್ಕ

ದಾವಣಗೆರೆಯಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಬೆಳಿಗ್ಗೆ ಒಂಬತ್ತೂಕಾಲಿಗೆ ಷೇರು ಮಾರ್ಕೆಟ್ ಶುರುವಾಗುವ ಹೊತ್ತಿಗೇ ಗಿರಾಕಿಗಳೂ ಬರುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಡೀ ದಿನ ಸ್ಕ್ರೀನ್ ಮುಂದೆ ಕೂರುವವರ ಅನುಭವ ಬೇರೆ ಇರಬಹುದು. ನನ್ನ ಹೋಲಿಕೆ ಗಲ್ಲಾ ಮುಂದೆ ಕೂತು, ನಡುನಡುವೆ ಫೋನ್ ನೋಡುವವನದು.

2023ರ ಆಗಸ್ಟ್‌ನಿಂದ 2024ರ ಮಾರ್ಚ್‌ವರೆಗೆ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಆಪ್ಷನ್ ಮಾತ್ರ ಕೊಂಡೆ. ಆಪ್ಷನ್ ಅಂದರೆ ಒಂದು ಗೊತ್ತಾದ ದರಕ್ಕೆ ಕೊಳ್ಳುವ ಅಥವಾ ಮಾರುವ ಹಕ್ಕು. ಆ ದರ ಸ್ಟ್ರೈಕ್, ಹಕ್ಕಿಗೆ ಕೊಡುವ ಬೆಲೆ ಪ್ರೀಮಿಯಂ. ಏಪ್ರಿಲ್‌ನಿಂದ ಫ್ಯೂಚರ್ಸ್‌ಗೆ, ಅಂದರೆ ಮುಂದಿನ ತಾರೀಕಿಗೆ ಈಗಲೇ ದರ ಕಟ್ಟುವ ಒಪ್ಪಂದಕ್ಕೆ ಬಂದೆ. 2025ರಲ್ಲಿ ಎರಡನ್ನೂ ಬಿಟ್ಟು ಮೂರನೆಯದೊಂದು ದಾರಿ ಹಿಡಿದೆ. ಮೂರಕ್ಕೂ ಸೇರಿ ಒಂದೇ ನೋಟ್ ಪುಸ್ತಕ ಇಟ್ಟಿದ್ದೇನೆ.

ಆಪ್ಷನ್‌ಗೆ ಹೋಗಿದ್ದು ಭಯದಿಂದ. ಆಗ ನಿಫ್ಟಿ ಲಾಟ್ (ಒಂದು ಸಲಕ್ಕೆ ಕನಿಷ್ಠ ಕೊಳ್ಳಬೇಕಾದ ಕಟ್ಟು) 50. ನೂರು ರೂಪಾಯಿ ಪ್ರೀಮಿಯಂನ ಕಾಲ್ (ಕೊಳ್ಳುವ ಹಕ್ಕು, ಮಾರ್ಕೆಟ್ ಏರುತ್ತದೆ ಅನ್ನುವವರಿಗೆ) ಕೊಂಡರೆ ಐದು ಸಾವಿರ. ಹೋದರೆ ಅಷ್ಟೇ ಹೋಗುತ್ತದೆ, ಬಂದರೆ ಎಷ್ಟಾದರೂ ಬರಬಹುದು. ಕೇಳಲು ಚೆನ್ನಾಗಿದೆ, ಅಲ್ವಾ? ಮಾತು ಸುಳ್ಳೂ ಅಲ್ಲ. ಆದರೆ ಆ 'ಅಷ್ಟೇ' ಎಷ್ಟು ಸಲ ಹೋಗುತ್ತದೆ ಅನ್ನುವುದನ್ನು ನಾನು ಕೇಳಿಕೊಂಡಿರಲಿಲ್ಲ.

ಒಂದು ವಾರದ ಪುಟ ತೆಗೆದು ನೋಡಿ. ಮಂಗಳವಾರ ಬೆಳಿಗ್ಗೆ, ನಿಫ್ಟಿ ಇದ್ದ ಜಾಗದ್ದೇ ಸ್ಟ್ರೈಕ್, ಅದೇ ಗುರುವಾರ ಮುಗಿಯುವ ಕಾಲ್, 96 ರೂಪಾಯಿಗೆ ಕೊಂಡೆ. ಮಾರ್ಕೆಟ್ ಏರುತ್ತದೆ ಅಂದುಕೊಂಡಿದ್ದೆ, ಏರಿತು. ಗುರುವಾರ ಮಧ್ಯಾಹ್ನ ನೋಡಿದರೆ ನಿಫ್ಟಿ 40 ಪಾಯಿಂಟ್ ಮೇಲಿದೆ, ನನ್ನ ಕಾಲ್ 62ಕ್ಕೆ ಬಂದು ನಿಂತಿದೆ. ಅಂದಾಜು ಸರಿಯಾಗಿತ್ತು, ಆದರೂ 1,700 ರೂಪಾಯಿ ಹೋಯಿತು. ಅದೇ ದಿನ ಒಂದು ಲಾಟ್ ಫ್ಯೂಚರ್ಸ್ ಕೊಂಡಿದ್ದರೆ ಹೆಚ್ಚುಕಮ್ಮಿ 2,000 ಲಾಭ. ನಡುವಿನ ವ್ಯತ್ಯಾಸ ತಿಂದಿದ್ದು ಸಮಯ. ಇದಕ್ಕೆ ಥೀಟಾ ಅನ್ನುತ್ತಾರೆ. ಎಕ್ಸ್‌ಪೈರಿ, ಅಂದರೆ ಆಪ್ಷನ್ ಮುಗಿಯುವ ದಿನ, ಹತ್ತಿರ ಬಂದ ಹಾಗೆ ಪ್ರೀಮಿಯಂ ಕರಗುವುದು ಜೋರಾಗುತ್ತದೆ.

ನಮ್ಮ ಅಂಗಡಿಗೆ ಬರುವ ರೈತರಿಗೆ ಇದನ್ನು ಬೆಳೆವಿಮೆಯ ಮಾತಿನಲ್ಲಿ ಹೇಳಿದರೆ ತಕ್ಷಣ ಗೊತ್ತಾಗುತ್ತದೆ. ವಿಮೆ ಕಂತು ಕಟ್ಟಿದರು, ಮಳೆ ಸರಿಯಾಗಿ ಬಂತು, ಕಂತು ಹೋಯಿತು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಏಕೆಂದರೆ ಹೊಲದಲ್ಲಿ ಮೆಕ್ಕೆಜೋಳ ಇದೆ. ನಾನು ಮಾಡುತ್ತಿದ್ದುದು ಹೊಲವೇ ಇಲ್ಲದೆ ವಾರವಾರವೂ ಕಂತು ಕಟ್ಟುವ ಕೆಲಸ.

ಅಂಗಡಿಯ ಲೆಕ್ಕ ನೋಡುವವಳು ನನ್ನ ಹೆಂಡತಿ. ಮಾರ್ಚ್ ಕೊನೆಗೆ ಈ ಪುಸ್ತಕವನ್ನೂ ಎಳೆದುಕೊಂಡಳು. "ರೀ, ಇಲ್ಲಿ ಎರಡು ಸಾವಿರ, ಇಲ್ಲಿ ಐದು ಸಾವಿರ ಅಂತ ಬರೆದಿದ್ದೀರಲ್ಲ, ಒಟ್ಟು ಹಾಕಿ ನೋಡಿದ್ದೀರಾ?" ಅಂದಳು. ನೋಡಿರಲಿಲ್ಲ. ಅವಳೇ ಹಾಕಿದಳು. 41 ವಹಿವಾಟು, 14ರಲ್ಲಿ ಲಾಭ, 27ರಲ್ಲಿ ನಷ್ಟ, ಎಲ್ಲಾ ಕಳೆದು ಹೋಗಿದ್ದು 58,300. ಆ ಮೊತ್ತದ ಕೆಳಗೆ ಎರಡು ಗೆರೆ ಎಳೆದು ಪುಸ್ತಕ ನನ್ನ ಕಡೆ ತಿರುಗಿಸಿದಳು, ಮತ್ತೇನೂ ಹೇಳಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಷೇರು ಮಾರ್ಕೆಟ್ಟಿನ ನಿಯಂತ್ರಕ ಸೆಬಿಯ ಅಧ್ಯಯನ ಹೊರಬಂತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ, ಒಟ್ಟು 1.8 ಲಕ್ಷ ಕೋಟಿಗೂ ಮೇಲೆ. ಓದಿದಾಗ ಆ ಎರಡು ಗೆರೆ ಕಣ್ಣ ಮುಂದೆ ಬಂತು.

ಫ್ಯೂಚರ್ಸ್‌ನಲ್ಲಿ ಸಮಯ ಕರಗುವ ಕಾಟ ಇಲ್ಲ. ಸೂಚ್ಯಂಕ ಒಂದು ಪಾಯಿಂಟ್ ಏರಿದರೆ ಹೆಚ್ಚುಕಮ್ಮಿ ಒಂದು ಪಾಯಿಂಟ್ ನಿಮ್ಮದು, ಇಳಿದರೆ ಒಂದು ಪಾಯಿಂಟ್ ಹೋಯಿತು. ಲೆಕ್ಕ ಸಲೀಸು. ಇದು ಮಂಡಿಯಲ್ಲಿ ಮುಂಚೆಯೇ ದರ ಮಾತಾಡಿಕೊಂಡ ಹಾಗೆ, ಆಮೇಲೆ ದರ ಬಿದ್ದರೂ ಮಾತು ಮಾತೇ. ಕೈಯಿಂದ ಹಾಕಬೇಕಾದ್ದು ಮಾರ್ಜಿನ್, ಪೂರ್ತಿ ಬೆಲೆಯ ಸುಮಾರು ನೂರಕ್ಕೆ ಹನ್ನೆರಡು. ಲಾಭ ನಷ್ಟ ದಿನದ ಕೊನೆಗೆ ಖಾತೆಗೆ ಬಂದು ಬೀಳುತ್ತದೆ, ದುಡ್ಡು ಕಮ್ಮಿಯಾದರೆ ತಂದು ತುಂಬಬೇಕು. ದಿನಾ ಸಂಜೆ ಕಣ್ಣಿಗೆ ಬೀಳುವ ಆ ಲೆಕ್ಕ ನನಗೆ ಹಿಡಿಸಿತು.

ಆಮೇಲೆ 2024ರ ಜೂನ್ 4 ಬಂತು, ಲೋಕಸಭೆ ಫಲಿತಾಂಶದ ದಿನ. ಎಕ್ಸಿಟ್ ಪೋಲ್ ನಂಬಿ ಹಿಂದಿನ ದಿನ ನಿಫ್ಟಿ 733 ಪಾಯಿಂಟ್ ಏರಿತ್ತು. ನಾನು ಸುಮಾರು 23,300ಕ್ಕೆ ಒಂದು ಲಾಟ್ ಫ್ಯೂಚರ್ಸ್ ಕೊಂಡು ರಾತ್ರಿ ಇಟ್ಟುಕೊಂಡೆ. ಆಗ ಲಾಟ್ 25ಕ್ಕೆ ಇಳಿದಿತ್ತು. 200 ಪಾಯಿಂಟ್ ಬಿದ್ದರೆ ಹೊರಗೆ ಬರಬೇಕು ಅಂತ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿ ಮಾತ್ರ, ಆರ್ಡರ್ ಹಾಕಿರಲಿಲ್ಲ.

ಅದು ಬಿತ್ತನೆ ಹೊತ್ತು. ಕೌಂಟರ್ ಮುಂದೆ ಎಂಟು ಹತ್ತು ಜನ, ಒಬ್ಬರಿಗೆ ಜೋಳದ ಬೀಜ, ಇನ್ನೊಬ್ಬರಿಗೆ ಡಿಎಪಿ. ಬಿಲ್ ಬರೆಯುತ್ತಾ ಪಕ್ಕದಲ್ಲಿದ್ದ ಫೋನ್ ನೋಡಿದಾಗ ಆಗಲೇ 400 ಪಾಯಿಂಟ್ ಕೆಳಗೆ. ಸ್ವಲ್ಪ ಮೇಲೆ ಬರಲಿ, ಮಾರೋಣ ಅಂದುಕೊಂಡೆ. ಇನ್ನೆರಡು ಬಿಲ್ ಆಗುವಷ್ಟರಲ್ಲಿ 700. ಕೊನೆಗೆ 1,200 ಪಾಯಿಂಟ್ ಹೋದ ಮೇಲೆ, ಗಿರಾಕಿಯೊಬ್ಬರನ್ನು ನಿಲ್ಲಿಸಿ, ಮಾರಿದೆ. 30,000 ರೂಪಾಯಿ. ಆ ದಿನ ನಿಫ್ಟಿ 1,379 ಪಾಯಿಂಟ್ ಕೆಳಗೆ ಮುಗಿಯಿತು. ಈಗಿನ ದೊಡ್ಡ ಲಾಟ್ ಇದ್ದಿದ್ದರೆ ಅದರ ಎರಡು ಮೂರು ಪಟ್ಟು ಹೋಗುತ್ತಿತ್ತು.

ನನ್ನ ಬಾಮೈದ ಅದೇ ಜೂನ್ 3ರಂದು 23,300ರ ಕಾಲ್ ಅನ್ನು 240 ರೂಪಾಯಿಗೆ ಕೊಂಡಿದ್ದ. ಪೂರ್ತಿ ಹೋಯಿತು, ಆದರೆ ಹೋಗಿದ್ದು 6,000 ಮಾತ್ರ. "ಭಾವ, ನಾನು ಮಲಗಿ ಎದ್ದರೂ ಇಷ್ಟೇ ಹೋಗ್ತಿತ್ತು" ಅಂದ. ಆಪ್ಷನ್ನಿನ ನಿಜವಾದ ಶಕ್ತಿ ಇಲ್ಲಿದೆ. ಎಂಥ ದಿನ ಬಂದರೂ ನಷ್ಟಕ್ಕೆ ಒಂದು ತಳ ಇದೆ. ಫ್ಯೂಚರ್ಸ್‌ಗೆ ಆ ತಳವನ್ನು ನಾವೇ ಸ್ಟಾಪ್ ಲಾಸ್ (ಇಷ್ಟು ಬಿದ್ದರೆ ತಾನೇ ಮಾರು ಅನ್ನುವ) ಆರ್ಡರ್ ಹಾಕಿ ಕಟ್ಟಬೇಕು, ಮತ್ತು ರಾತ್ರೋರಾತ್ರಿ ಏನಾದರೂ ಆಗಿ ಬೆಳಿಗ್ಗೆ ಮಾರ್ಕೆಟ್ ಎಲ್ಲೋ ಕೆಳಗೆ ಶುರುವಾದರೆ ಆ ಆರ್ಡರ್ ಕೂಡ ನಾವು ಹೇಳಿದ ಬೆಲೆಯಲ್ಲಿ ನಮ್ಮನ್ನು ಉಳಿಸುವುದಿಲ್ಲ.

ಆದರೆ ಅವನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುದಿನ ನಿಫ್ಟಿ 735 ಪಾಯಿಂಟ್ ವಾಪಸ್ ಏರಿತು. ಅವನು ಬೆಳಿಗ್ಗೆಯೇ ದೂರದ, ಅಂದರೆ ನಿಫ್ಟಿಗಿಂತ ಬಹಳ ಮೇಲಿನ ಸ್ಟ್ರೈಕ್‌ನ ಕಾಲ್ ಕೊಂಡಿದ್ದ. ಇಷ್ಟು ದೊಡ್ಡ ಏರಿಕೆಗೆ ಹಣ ಎರಡು ಪಟ್ಟಾಗಬೇಕಿತ್ತು, ಅದರ ಹತ್ತಿರಕ್ಕೂ ಬರಲಿಲ್ಲ. ಯಾಕೆಂದರೆ ಮಾರ್ಕೆಟ್ಟಿನ ಭಯವನ್ನು ಅಳೆಯುವ ಇಂಡಿಯಾ ವಿಐಎಕ್ಸ್ ಆ ಒಂದೇ ದಿನಕ್ಕೆ 26ರ ಆಸುಪಾಸಿನಿಂದ 19ರ ಹತ್ತಿರಕ್ಕೆ ಬಿತ್ತು. ಭಯ ಜಾಸ್ತಿ ಇದ್ದಾಗ ಪ್ರೀಮಿಯಂ ಉಬ್ಬಿರುತ್ತದೆ. ಭಯ ಇಳಿದ ಕೂಡಲೇ ಆ ಉಬ್ಬು ಇಳಿಯುತ್ತದೆ. ಫ್ಯೂಚರ್ಸ್‌ನಲ್ಲಿ ಈ ತಲೆನೋವಿಲ್ಲ.

ಆಪ್ಷನ್ ಮಾರುವವರೂ ಇದ್ದಾರೆ. ಪ್ರೀಮಿಯಂ ಅವರಿಗೆ ಬರುತ್ತದೆ, ಸಮಯ ಅವರ ಕಡೆ. ಆದರೆ ಮಾರ್ಜಿನ್ ಫ್ಯೂಚರ್ಸ್‌ನಷ್ಟೇ, ಲಾಭಕ್ಕೆ ಮಿತಿ ಇದೆ, ನಷ್ಟಕ್ಕೆ ಇಲ್ಲ. ಕಾವಲು ಇಲ್ಲದೆ ನಾನು ಮಾರಿಲ್ಲ, ಮಾರುವುದೂ ಇಲ್ಲ.

2024ರ ಅಕ್ಟೋಬರ್‌ನಲ್ಲಿ ಸೆಬಿ ನಿಯಮ ಬಿಗಿ ಮಾಡಿತು. ಹೊಸ ಒಪ್ಪಂದಗಳ ಗಾತ್ರ ಕನಿಷ್ಠ 15 ಲಕ್ಷ ಅಂತಾಯಿತು, ನಿಫ್ಟಿ ಲಾಟ್ 75ಕ್ಕೆ ಹೋಯಿತು. ಎಲ್ಲರೂ ಇದನ್ನು ಆಪ್ಷನ್ ಮಂದಿಯ ಕಷ್ಟ ಅಂದರು. ನನ್ನಂಥವನಿಗೆ ಫ್ಯೂಚರ್ಸ್ ಬಾಗಿಲು ಮುಚ್ಚಿದ್ದು ಅದೇ. ಒಂದು ವಹಿವಾಟಿನಲ್ಲಿ 12,000ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಅಂತ ನಾವಿಬ್ಬರೂ ಕೂತು ತೀರ್ಮಾನಿಸಿದ್ದೇವೆ. ಅದು ನಮ್ಮ ಅಂಗಡಿಯ ಹುಡುಗನ ಒಂದು ತಿಂಗಳ ಸಂಬಳ. 75ರ ಲಾಟ್‌ಗೆ 12,000 ಅಂದರೆ 160 ಪಾಯಿಂಟ್. ನಿಫ್ಟಿ 25,000ದಲ್ಲಿರುವಾಗ 160 ಪಾಯಿಂಟ್ ಅಲುಗಾಟ ಸಾಮಾನ್ಯ ದಿನದಲ್ಲೂ ಆಗುತ್ತದೆ. ಸ್ಟಾಪ್ ಲಾಸ್ ಸುಮ್ನೆ ಹೊಡೆಸಿಕೊಂಡು ಕೂರಬೇಕು.

ಫ್ಯೂಚರ್ಸ್ ಜೊತೆಗೆ ಕಾವಲಿಗೆ ಒಂದು ಪುಟ್ (ಮಾರುವ ಹಕ್ಕು, ಮಾರ್ಕೆಟ್ ಬಿದ್ದರೆ ಕೈ ಹಿಡಿಯುವುದು) ಕೊಂಡರೆ? ಅದನ್ನೂ ಲೆಕ್ಕ ಹಾಕಿದೆ. 500 ಪಾಯಿಂಟ್ ಕೆಳಗಿನ ತಿಂಗಳ ಪುಟ್‌ಗೆ ಸುಮಾರು 120 ರೂಪಾಯಿ. ಕೆಟ್ಟದ್ದಾದರೆ 620 ಪಾಯಿಂಟ್, ಅಂದರೆ 46,500. ನನ್ನ ಮಿತಿಯ ಸುಮಾರು ನಾಲ್ಕರಷ್ಟು. ಇನ್ನೊಂದು ಮಾತು, ಫ್ಯೂಚರ್ಸ್ ಕೊಂಡು ಪುಟ್ ಕೊಂಡರೆ ಫಲ ಅದೇ ಸ್ಟ್ರೈಕ್‌ನ ಕಾಲ್ ಕೊಂಡ ಹಾಗೇ ಬರುತ್ತದೆ. ಎರಡನ್ನೂ ಬೇರೆ ಬೇರೆ ಪೈಪೋಟಿ ಅಂತ ನೋಡುತ್ತಿದ್ದ ನನಗೆ ಇದು ಅರ್ಥವಾಗಲು ತಿಂಗಳುಗಳೇ ಬೇಕಾದವು.

ಕೊನೆಗೆ ಹಿಡಿದದ್ದು ಸ್ಪ್ರೆಡ್. ತಿಂಗಳ ಎಕ್ಸ್‌ಪೈರಿಯ 25,000ದ ಕಾಲ್ ಕೊಳ್ಳುವುದು, 25,300ರ ಕಾಲ್ ಮಾರುವುದು. ಬೆಲೆಯ ವ್ಯತ್ಯಾಸ 150 ಸಿಕ್ಕರೆ, 75ರ ಲಾಟ್‌ಗೆ ಹೆಚ್ಚೆಂದರೆ ಹೋದರೂ 11,250, ಬಂದರೂ 11,250. ಬ್ರೋಕರೇಜ್, ತೆರಿಗೆ ಬೇರೆ. ಮಾರಿದ ಕಾಲ್‌ನಲ್ಲೂ ಸಮಯ ಕರಗುವುದರಿಂದ ಥೀಟಾದ ಹೊಡೆತ ಕಮ್ಮಿ, ವಿಐಎಕ್ಸ್ ಬಿದ್ದರೂ ಅಷ್ಟಾಗಿ ಕಾಡುವುದಿಲ್ಲ. ಒಂದು ಎಚ್ಚರಿಕೆ: ಒಳಗೆ ಹೋಗುವಾಗ ಮೊದಲು ಕೊಳ್ಳಿ, ಆಮೇಲೆ ಮಾರಿ. ಹೊರಗೆ ಬರುವಾಗ ಮಾರಿದ್ದನ್ನು ಮೊದಲು ವಾಪಸ್ ಕೊಳ್ಳಿ. ತಿರುಗುಮುರುಗಾದರೆ ಕಾವಲಿಲ್ಲದ ಮಾರಾಟ ಕೈಯಲ್ಲಿ ಉಳಿಯುತ್ತದೆ. ಲಾಟ್ ಗಾತ್ರ ಆಗಾಗ ಬದಲಾಗುತ್ತದೆ, ವಾರದ ಎಕ್ಸ್‌ಪೈರಿ ಕೂಡ 2025ರ ಸೆಪ್ಟೆಂಬರ್‌ನಿಂದ ಮಂಗಳವಾರಕ್ಕೆ ಬಂದಿದೆ. ನೋಡಿಕೊಂಡೇ ಲೆಕ್ಕ ಹಾಕಿ.

ಆದಾಯ ತೆರಿಗೆಯಲ್ಲಿ ಆಪ್ಷನ್, ಫ್ಯೂಚರ್ಸ್ ಎರಡಕ್ಕೂ ಭೇದವಿಲ್ಲ, ಎರಡೂ ವ್ಯಾಪಾರದ ಆದಾಯ. ಗಡುವಿನೊಳಗೆ ರಿಟರ್ನ್ ಹಾಕಿದರೆ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ನಷ್ಟವಾಗಿದೆಯಲ್ಲ ಅಂತ ರಿಟರ್ನ್ ಬಿಡಬೇಡಿ.

ಸ್ಪ್ರೆಡ್‌ನಲ್ಲಿ 2025ರ ಫಲ: 19 ವಹಿವಾಟು, ಎಲ್ಲಾ ಖರ್ಚು ಕಳೆದು 13,900 ಲಾಭ. ಇದಕ್ಕೆಂದು ಬೇರೆ ಇಟ್ಟ ದುಡ್ಡು ಎರಡು ಲಕ್ಷ. ಬ್ಯಾಂಕಿನಲ್ಲಿ ಇಟ್ಟಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು ಅಂತ ಹೆಂಡತಿ ಹೇಳುತ್ತಾಳೆ, ಅದು ನಿಜ. ಅದಕ್ಕೇ ದುಡ್ಡು ಹೆಚ್ಚಿಸಿಲ್ಲ. ಈಗ ಪುಟದ ಮೊದಲ ಸಾಲಿನಲ್ಲಿ ಎಷ್ಟು ಹೋಗಬಹುದು ಅನ್ನುವುದನ್ನು ಬರೆದ ಮೇಲೇ ಆರ್ಡರ್ ಹಾಕುತ್ತೇನೆ. ಜೂನ್ ತಿಂಗಳಲ್ಲಿ ಮಾತ್ರ ಆ ಪುಸ್ತಕ ತೆಗೆಯುವುದೇ ಇಲ್ಲ. ಬಿತ್ತನೆ ಹೊತ್ತಿನಲ್ಲಿ ಕೌಂಟರ್ ಮೇಲೆ ಎರಡು ಕಣ್ಣೂ ಬೇಕು.