ಶರಹೆ ಜಾಮಿಯೋ, ಇಬ್ನ್ ಅಕೀಲೋ, ಕತ್ರುನ್ನದಾವೋ?

ಅರಬಿ ವ್ಯಾಕರಣದ ಶುರುವಿನ ಪಾಠ ಮುಗಿಸಿದವರು ಮುಂದೆ ಯಾವ ಕಿತಾಬು ಹಿಡಿಯಬೇಕು? ನನ್ನ ಓಟು ಇಬ್ನ್ ಹಿಶಾಮರ ‘ಕತ್ರುನ್ನದಾ’ಗೆ. ಮೂರನ್ನೂ ದುಡ್ಡು ಕೊಟ್ಟು ತಂದು ಓದಿಯೇ ಹೇಳುತ್ತಿದ್ದೇನೆ.

ನಮ್ಮ ದೇಶದ ಮದ್ರಸಾಗಳಲ್ಲಿ ‘ಶರಹೆ ಜಾಮಿ’ಗೆ ದೊಡ್ಡ ಹೆಸರು. ಇಬ್ನುಲ್ ಹಾಜಿಬರ (ನಿಧನ 1249) ‘ಕಾಫಿಯಾ’ ಅನ್ನುವ ವ್ಯಾಕರಣದ ಕಿತಾಬಿಗೆ ಹೆರಾತಿನ ಕವಿ ಜಾಮಿ ತಮ್ಮ ಮಗನಿಗಾಗಿ ಬರೆದ ವ್ಯಾಖ್ಯಾನ ಅದು. ವಿದ್ವತ್ತಿನ ಬಗ್ಗೆ ಎರಡು ಮಾತಿಲ್ಲ. ತಲೆನೋವು ಇರುವುದು ಪುಟದಲ್ಲಿ. ಜಾಮಿ ಮೂಲದ ಪದಗಳನ್ನು ತಮ್ಮ ವಾಕ್ಯದೊಳಗೇ ಹೆಣೆದಿದ್ದಾರೆ. ಯಾವುದು ಮೂಲ, ಯಾವುದು ವ್ಯಾಖ್ಯಾನ ಅಂತ ತಿಳಿಯಲು ಪದದ ಮೇಲೆ ಎಳೆದ ಗೆರೆಯೊಂದೇ ಗುರುತು. ನಾನು ಕೊಂಡದ್ದು ಹಳೇ ಕಲ್ಲಚ್ಚಿನ ಮರುಮುದ್ರಣ. ಅದರಲ್ಲಿ ಆ ಗೆರೆ ಅರ್ಧಕ್ಕರ್ಧ ಅಳಿಸಿಹೋಗಿದೆ. ಅಂಚಿನ ಸುತ್ತ ಹಾಶಿಯಾ, ಅಂದರೆ ವ್ಯಾಖ್ಯಾನದ ಮೇಲಿನ ಟಿಪ್ಪಣಿ, ಇರುವೆ ಸಾಲಿನ ಹಾಗೆ ಓರೆಯಾಗಿ ಹರಿದಿದೆ. ಅದನ್ನು ಓದಲು ಪುಸ್ತಕವನ್ನೇ ತಿರುಗಿಸಬೇಕು. ಬಸ್ಸಿನಲ್ಲಿ ಓದುವವನಿಗೆ ಇದು ಆಗುವ ಕೆಲಸವಲ್ಲ.

ಸಾಲದ್ದಕ್ಕೆ, ಇಬ್ನುಲ್ ಹಾಜಿಬರು ದೇವರ ಸ್ತುತಿಯಿಂದ ಯಾಕೆ ಶುರು ಮಾಡಲಿಲ್ಲ ಅನ್ನುವುದರಿಂದ ಜಾಮಿ ಹೊರಡುತ್ತಾರೆ. ಅದು ವಿನಯಕ್ಕಾಗಿಯಂತೆ! ‘ಪದ ಅಂದರೇನು’ ಅನ್ನುವಲ್ಲಿಗೆ ಮುಟ್ಟುವಷ್ಟರಲ್ಲಿ ನನ್ನ ಸ್ಟಾಪ್ ಬಂದಿರುತ್ತದೆ.

ಕತ್ರುನ್ನದಾದಲ್ಲಿ ಈ ರಗಳೆ ಇಲ್ಲ. ಮೂಲವೂ ಇಬ್ನ್ ಹಿಶಾಮರದೇ (ನಿಧನ 1360), ವ್ಯಾಖ್ಯಾನವೂ ಅವರದೇ. ಮೂಲಕ್ಕೆ ‘ಸ್ವಾದ್’, ವ್ಯಾಖ್ಯಾನಕ್ಕೆ ‘ಶೀನ್’ ಅಕ್ಷರ ಹಾಕಿ ಬೇರೆ ಬೇರೆ ಅಚ್ಚು ಮಾಡಿರುತ್ತಾರೆ. ಪದ ಅಂದರೆ ಬಿಡಿಯಾದ ‘ಕೌಲ್’ (ಅರ್ಥವಿರುವ ನುಡಿ) ಅನ್ನುತ್ತಾರೆ ಅವರು. ಮಿಕ್ಕವರು ‘ಲಫ್ಝ್’ (ಬಾಯಿಂದ ಹೊರಟ ಉಚ್ಚಾರ) ಅಂದರಲ್ಲ? ಅದಕ್ಕೂ ಉತ್ತರ ಇದೆ. ‘ಝೈದ್’ ಹೆಸರನ್ನು ಹಿಂದುಮುಂದಾಗಿಸಿ ‘ದೈಝ್’ ಅನ್ನಿ. ಅದೂ ಲಫ್ಝೇ, ಆದರೆ ಅರ್ಥವಿಲ್ಲ. ಹಾಗಾಗಿ ಲಫ್ಝ್ ಅಂದವರು ‘ಅರ್ಥಕ್ಕಾಗಿ ಇಟ್ಟದ್ದು’ ಅನ್ನುವ ಷರತ್ತನ್ನೂ ಸೇರಿಸಬೇಕಾಯಿತು. ಕೌಲ್ ಅಂದರೆ ಅದು ಬೇಕಿಲ್ಲ. ಕಾಫಿಯಾದ ಮೊದಲ ಸಾಲಿನಲ್ಲಿ ಆ ಷರತ್ತು ಯಾಕಿದೆ ಅಂತ ನನಗೆ ಹೊಳೆದದ್ದೇ ಇಲ್ಲಿ ಓದಿ.

ಇಬ್ನ್ ಅಕೀಲರು ವ್ಯಾಖ್ಯಾನ ಬರೆದಿರುವುದು ಇಬ್ನ್ ಮಾಲಿಕರ ‘ಅಲ್ಫಿಯಾ’ ಅನ್ನುವ ವ್ಯಾಕರಣದ ಪದ್ಯಗ್ರಂಥಕ್ಕೆ. ಸುಮಾರು ಸಾವಿರ ಪದ್ಯ ಬಾಯಿಪಾಠ ಮಾಡುವವರಿಗೆ ಇದೇ ಸರಿ. ಮುಹ್ಯಿದ್ದೀನ್ ಅಬ್ದುಲ್ ಹಮೀದರು ಸಂಪಾದಿಸಿದ ಪ್ರತಿಯಲ್ಲಿ ಪದ್ಯಗಳ ಪದಪದವನ್ನೂ ಕೆಳಗೆ ಬಿಡಿಸಿ ಕೊಟ್ಟಿದ್ದಾರೆ. ಬಹಳ ಉಪಕಾರ. ಆದರೆ ನನಗೆ ಬಾಯಿಪಾಠ ಹತ್ತುವುದಿಲ್ಲ. ಸಂಪುಟವೂ ಜಾಸ್ತಿ, ದುಡ್ಡೂ ಜಾಸ್ತಿ.

ಉಸ್ತಾದರ ಎದುರು ಕೂತು ಕಲಿಯುವವರು ಜಾಮಿಯನ್ನೇ ಹಿಡಿಯಿರಿ. ಗೆರೆ ಅಳಿಸಿದ್ದರೇನು, ಮೂಲ ಅವರ ಬಾಯಲ್ಲೇ ಇರುತ್ತದೆ. ನನ್ನ ಹಾಗೆ ಒಬ್ಬರೇ ಓದುವುದಾದರೆ ಕತ್ರುನ್ನದಾ ಸಾಕು. ಅದಕ್ಕೂ ಅಬ್ದುಲ್ ಹಮೀದರ ಅಡಿಟಿಪ್ಪಣಿ ಇರುವ ಪ್ರತಿ ಇದೆ, ಅದನ್ನೇ ಕೇಳಿ ಕೊಳ್ಳಿ.