ಹಳೆಯ ಸೈಕೆಡೆಲಿಕ್ ರಾಕ್: ಎಲ್‌ಪಿಯೋ, ಸಿಡಿಯೋ, ಸ್ಟ್ರೀಮಿಂಗೋ?

ಅರವತ್ತರ ದಶಕದ ಸೈಕೆಡೆಲಿಕ್ ರಾಕ್ (ಕನಸಿನಂಥ, ಅಮಲಿನಂಥ ಅನುಭವ ಕೊಡಲು ಹೊರಟ ರಾಕ್ ಸಂಗೀತ) ಹುಚ್ಚು ಹತ್ತಿದೆ, ಯಾವುದರಲ್ಲಿ ಕೇಳಲಿ ಎಂದಿರಿ.

ಖರ್ಚಿನ ಮಾತು ಬೇಗ ಮುಗಿಯುತ್ತದೆ. ಸ್ಟ್ರೀಮಿಂಗ್ ಅಗ್ಗ. ಎಲ್‌ಪಿಗೆ, ಅಂದರೆ ಸೂಜಿಯಿಂದ ನುಡಿಸುವ ದೊಡ್ಡ ತಟ್ಟೆಗೆ, ಇಳಿದರೆ ಅದನ್ನು ತಿರುಗಿಸುವ ಟರ್ನ್‌ಟೇಬಲ್, ಸೂಜಿ ಅಂತ ಜೇಬು ಖಾಲಿಯಾಗುತ್ತಲೇ ಇರುತ್ತದೆ. ಸಿಡಿ ಇವೆರಡರ ನಡುವೆ.

ಬಾಳಿಕೆಗೆ ಸಿಡಿಯೇ ವಾಸಿ. ಎಲ್‌ಪಿ ಸವೆಯುತ್ತದೆ, ಧೂಳು ಕೂತರೆ ಚಟಪಟ ಅನ್ನುತ್ತದೆ. ಸ್ಟ್ರೀಮಿಂಗ್‌ನಲ್ಲಿ ಹಕ್ಕಿನ ಒಪ್ಪಂದ ಮುಗಿದರೆ ಆಲ್ಬಮ್ಮೇ ಮಾಯ.

ಆದರೆ ಈ ಸಂಗೀತ ಹುಟ್ಟಿದ್ದೇ ಎಲ್‌ಪಿಯ ಅಳತೆಗೆ. 1968ರಲ್ಲಿ ಐರನ್ ಬಟರ್‌ಫ್ಲೈ ತಂಡ ಸುಮಾರು 17 ನಿಮಿಷದ ಒಂದೇ ಹಾಡಿಗೆ ತಟ್ಟೆಯ ಇಡೀ ಒಂದು ಬದಿ ಕೊಟ್ಟಿತು. ಬೀಟಲ್ಸ್‌ನ 1967ರ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ಮಿನ ಬ್ರಿಟಿಷ್ ಎಲ್‌ಪಿಯ ಕೊನೆಯ ಗೀರಿನಲ್ಲಿ ಅರ್ಥವಿಲ್ಲದ ಗದ್ದಲವೊಂದಿದೆ. ಸೂಜಿ ತಾನಾಗಿ ಮೇಲೇಳದ ಟರ್ನ್‌ಟೇಬಲ್ ಆದರೆ, ನೀವು ಎದ್ದುಹೋಗಿ ಸೂಜಿ ಎತ್ತುವವರೆಗೂ ಅದು ಸುತ್ತುತ್ತಲೇ ಇರುತ್ತದೆ. ಸಿಡಿಯಲ್ಲಿ ಕೆಲವೇ ಸೆಕೆಂಡಿಗೆ ಕರಗುತ್ತದೆ. ತಮಾಷೆ ಅರ್ಧಕ್ಕೇ ನಿಂತ ಹಾಗೆ!

ಇನ್ನೊಂದು ವಿಷಯ: ಆ ಆಲ್ಬಮ್ಮಿನ ಮೊನೊ (ಎರಡೂ ಕಿವಿಗೆ ಒಂದೇ ಧ್ವನಿ) ಮಿಶ್ರಣಕ್ಕೆ ಬೀಟಲ್ಸ್ ತಾವೇ ಕೂತಿದ್ದರು, ಸ್ಟೀರಿಯೊವನ್ನು (ಒಂದೊಂದು ಕಿವಿಗೆ ಬೇರೆ ಬೇರೆ ಧ್ವನಿ) ಹೆಚ್ಚಾಗಿ ಬೇರೆಯವರಿಗೆ ಬಿಟ್ಟರು. ಮೊನೊ ಬೇಕಾದವರು 2009ರ ಸಿಡಿ ಸೆಟ್ಟನ್ನೋ 2014ರ ಎಲ್‌ಪಿಯನ್ನೋ ಹುಡುಕುವುದು ಒಳ್ಳೆಯದು.

ಇನ್ನೂ ರುಚಿ ನೋಡುತ್ತಿದ್ದೀರಾ? ಸ್ಟ್ರೀಮಿಂಗ್ ಸಾಕು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಆ ಕಾಲದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್‌ನ ಗಿಟಾರ್ ಒಂದು ಕಿವಿಯಿಂದ ಇನ್ನೊಂದಕ್ಕೆ ಹಾಯುವುದನ್ನು ಕೇಳಲು ಟರ್ನ್‌ಟೇಬಲ್ ಬೇಕಿಲ್ಲ. ಬೇಕೆಂದಾಗಲೆಲ್ಲ ಕೇಳುವ ಹತ್ತಿಪ್ಪತ್ತು ಆಲ್ಬಮ್ ಗಟ್ಟಿಯಾದರೆ ಸಿಡಿ. ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಪುರಸೊತ್ತಿದ್ದರೆ ಮಾತ್ರ ಎಲ್‌ಪಿ.